ಎಡಗಾಲು ಸಾಕು ಅಂದ ರೆಸಿಡೆಂಟ್

ವೈದ್ಯರಿಗೆ ಕೌನ್ಸೆಲಿಂಗ್ ಮಾಡುವ ನಾನು, ‘ಕಾಲು ಮುರಿದ್ರೆ ಸಾಕು, ರಜೆ ಸಿಗುತ್ತೆ’ ಅನ್ನುವ ಮಾತನ್ನು ಬೇರೆ ಬೇರೆ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮೊದಮೊದಲು ತಮಾಷೆ ಅಂತ ಬಿಟ್ಟುಬಿಡುತ್ತಿದ್ದೆ. ಹಾಗೆ ಬಿಟ್ಟಿದ್ದು ಈಗ ಕಾಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು, ಇಲ್ಲಿ ಬರುವ ವೈದ್ಯೆಯ ಒಪ್ಪಿಗೆ ಇದೆ.

ಆಕೆ ಎರಡನೇ ವರ್ಷದ ರೆಸಿಡೆಂಟ್, ಅಂದರೆ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಲೇ ಸ್ನಾತಕೋತ್ತರ ಓದುವ ವೈದ್ಯೆ. ರೌಂಡ್ಸ್‌ನಲ್ಲಿ ಎರಡು ಸಲ ಡೋಸ್ ತಪ್ಪು ಹೇಳಿದ್ದಕ್ಕೆ ಯೂನಿಟ್ ಮುಖ್ಯಸ್ಥರು ಎಲ್ಲರ ಮುಂದೆ ‘ಹೋಗಿ ಕೌನ್ಸೆಲಿಂಗ್ ತಗೊಳ್ಳಿ’ ಅಂದಿದ್ದರಂತೆ. ಹಾಗೆ ಕಳಿಸಿದರೆ ಅದು ಶಿಕ್ಷೆಯೇ ಆಗಿಬಿಡುತ್ತದೆ. ಆಕೆ ಕುರ್ಚಿಯ ತುದಿಯಲ್ಲಿ ಕೂತರು. ಮೊದಲ ಪ್ರಶ್ನೆ ಆಕೆಯದೇ.

“ಇದು ನನ್ನ ಫೈಲಿಗೆ ಹೋಗುತ್ತಾ ಮೇಡಂ?”

ಹೋಗಲ್ಲ ಅಂದೆ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ, ಆಗಲೂ ಮೊದಲು ನಿಮಗೇ ಹೇಳುತ್ತೇನೆ ಅಂತಲೂ ಸೇರಿಸಿದೆ. ಇದನ್ನು ಮೊದಲೇ ಹೇಳಿದರೆ ಯಾರೂ ಬಾಯಿ ಬಿಡಲ್ಲ ಅನ್ನುವವರಿದ್ದಾರೆ. ನನಗಂತೂ ಹಾಗೆ ಅನ್ನಿಸಿಲ್ಲ. ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದರೆ ಅವರು ಮತ್ತೆ ಬರುವುದೇ ಇಲ್ಲ.

ಮೊದಲ ಎರಡು ಭೇಟಿಯಲ್ಲಿ ಡ್ಯೂಟಿ, ಥೀಸಿಸ್, ನಿದ್ದೆ ಬಿಟ್ಟು ಬೇರೆ ಮಾತು ಬರಲಿಲ್ಲ. ಮೂರನೆಯ ಸಲ ನೇರವಾಗಿ ಕೇಳಿದೆ: “ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಡಾಕ್ಟರುಗಳೂ ನಂಬುತ್ತಾರೆ. ಅದು ತಪ್ಪು. ಕೇಳುವುದರಿಂದ ಆ ಯೋಚನೆ ಹೆಚ್ಚುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ.

“ಛೇ, ಇಲ್ಲ ಮೇಡಂ.”

ಹಾಳೆಯಲ್ಲಿ ‘ಇಲ್ಲ’ ಅಂತ ಬರೆಯಲು ಪೆನ್ನು ಇಟ್ಟಿದ್ದೆ. ಆಕೆ ನಕ್ಕರು. “ಸಾಯೋದೆಲ್ಲ ಬೇಡ. ಕಾಲು ಮುರಿದ್ರೆ ಸಾಕು.”

ನನಗೂ ನಗು ಬಂತು. ನಗುತ್ತಲೇ ಕೇಳಿದೆ, “ಯಾವ ಕಾಲು?”

ಉತ್ತರಕ್ಕೆ ಒಂದು ಕ್ಷಣವೂ ತಡವಾಗಲಿಲ್ಲ. “ಎಡಗಾಲು. ಪಾದದ ಗಂಟಿನ ಹತ್ತಿರ. ಆರು ವಾರ ಪ್ಲಾಸ್ಟರ್. ತೊಡೆಮೂಳೆ ಬೇಡ, ರಕ್ತ ಜಾಸ್ತಿ ಹೋಗುತ್ತೆ. ಬಲಗೈಯೂ ಬೇಡ, ಥೀಸಿಸ್ ಬರೀಬೇಕಲ್ಲ.”

“ಎಲ್ಲಿ ಬೀಳ್ತೀರಿ?”

“ಆಸ್ಪತ್ರೆ ಗೇಟಿಗೆ ಮುಂಚೆ ಒಂದು ತಿರುವಿದೆ. ಡ್ಯೂಟಿಗೆ ಬರುವಾಗ. ಹೋಗುವಾಗ ಬಿದ್ರೆ ಡ್ಯೂಟಿ ಮಾಡಿದ್ದು ಸುಮ್ನೆ ದಂಡ.”

ಅಲ್ಲಿಗೆ ಇಬ್ಬರ ನಗುವೂ ನಿಂತಿತು. ಆಕೆ ತನ್ನ ಮಾತನ್ನು ತಾನೇ ಮೊದಲ ಸಲ ಕೇಳಿಸಿಕೊಂಡವರ ಹಾಗೆ ಕೂತಿದ್ದರು. ರಜೆ ಕೇಳಬಹುದಿತ್ತಲ್ವಾ ಅಂದೆ.

“ಏನಂತ ಕೇಳಲಿ ಮೇಡಂ? ಇದು ಎಕ್ಸ್‌ರೇಯಲ್ಲಿ ಕಾಣಲ್ಲವಲ್ಲ.”

ನನ್ನ ಹಾಳೆಯಲ್ಲಿ ಇದ್ದದ್ದು ‘ಹೌದು’, ‘ಇಲ್ಲ’ ಎರಡೇ ಕಾಲಂ. ಈ ಮಾತು ಎರಡರಲ್ಲೂ ಕೂರಲ್ಲ. ಸಾಯುವ ಆಸೆ ಇಲ್ಲ, ನಿಜ. ಆದರೆ ಜಾಗ ಗೊತ್ತು, ಹೊತ್ತು ಗೊತ್ತು, ಯಾವ ಮೂಳೆ ಅಂತಲೂ ಗೊತ್ತು. ತಿರುವಿನಲ್ಲಿ ಬಿದ್ದ ಸ್ಕೂಟರ್ ಎಡಗಾಲಿಗೇ ನಿಲ್ಲಬೇಕು ಅಂತಿಲ್ಲ. ಆಸೆ ಇಲ್ಲದವರಿಗೂ ಆ ರಸ್ತೆ ಅಪಾಯವೇ. ಅಮೆರಿಕದ ಇಂಟರ್ನ್‌ಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆ ದಾಟಿದ ಡ್ಯೂಟಿ ಮುಗಿಸಿ ಗಾಡಿ ಓಡಿಸುವವರಿಗೆ ಅಪಘಾತದ ಸಂಭವ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತ್ತು.

ಅವತ್ತು ಕೊಟ್ಟ ಸಲಹೆ ಇಷ್ಟು. ಸ್ಕೂಟರ್ ಕೀ ರೂಮ್‌ಮೇಟ್ ಹತ್ತಿರ ಇರಲಿ. ಈ ವಾರವೇ ಮನೋವೈದ್ಯರನ್ನು ನೋಡಿ, ಆದರೆ ನಿಮ್ಮ ಆಸ್ಪತ್ರೆಯವರನ್ನಲ್ಲ. ನಾಳೆ ಕ್ಯಾಂಟೀನಿನಲ್ಲಿ ಎದುರಾಗುವವರ ಮುಂದೆ ಯಾರೂ ಮನಸ್ಸು ಬಿಚ್ಚಲ್ಲ. ಹದಿನಾಲ್ಕು ದಿನ ರಜೆ ಹಾಕಿ, ಮೊದಲ ನಾಲ್ಕು ದಿನ ಪುಸ್ತಕ ಮುಟ್ಟಬೇಡಿ. ರಾತ್ರಿ ಆ ಯೋಚನೆ ಜೋರಾದರೆ ಯಾರಿಗೆ ಫೋನ್ ಮಾಡುತ್ತೀರಿ ಅಂತ ಮೂರು ಹೆಸರು ಬರೆಸಿಕೊಂಡೆ. ಮೂರನೆಯ ಹೆಸರಿಗೆ ಆಕೆ ತುಂಬಾ ಹೊತ್ತು ಯೋಚಿಸಬೇಕಾಯಿತು.

ಉಸಿರಾಟದ ವ್ಯಾಯಾಮ ಹೇಳಿಕೊಡಲಿಲ್ಲ. ಇದಕ್ಕೆ ನನ್ನ ಜೊತೆಯ ಸಲಹೆಗಾರರೊಬ್ಬರು ಆಕ್ಷೇಪಿಸಿದರು: “ತಡೆದುಕೊಳ್ಳುವುದನ್ನು ಕಲಿಸಬೇಕು, ರಜೆ ಕೊಡಿಸೋದು ನಮ್ಮ ಕೆಲಸವಾ?” ವ್ಯಾಯಾಮ ಕೆಟ್ಟದ್ದು ಅಂತ ನಾನೂ ಹೇಳಲ್ಲ, ಬೇರೆಯವರಿಗೆ ಕಲಿಸುತ್ತೇನೆ. ಆದರೆ ಒಂದೂವರೆ ದಿನ ಕಣ್ಣು ಮುಚ್ಚದವರಿಗೆ ಅದನ್ನೇ ಮೊದಲ ಮದ್ದಾಗಿ ಕೊಟ್ಟರೆ, ‘ನೀನೇ ಗಟ್ಟಿ ಇಲ್ಲ’ ಅಂತ ಹೇಳಿದ ಹಾಗೆ. ಅದನ್ನು ಯೂನಿಟ್ ಮುಖ್ಯಸ್ಥರು ಆಗಲೇ ಹೇಳಿದ್ದರು. ಹೀಗೆ ಕೆಲಸದಿಂದ ಪೂರ್ತಿ ಬಳಲಿ ಹೋಗುವುದನ್ನು, ಅಂದರೆ ಬರ್ನ್‌ಔಟ್ ಅನ್ನು, ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆ ಅಂತ ಕರೆದಿಲ್ಲ. ಹಿಡಿತಕ್ಕೆ ಸಿಗದೆ ಉಳಿದ ಕೆಲಸದ ಒತ್ತಡದ ಫಲ ಅಂತ ಹೇಳಿದೆ. ಹಾಗಿದ್ದಾಗ ಬರೀ ಆಕೆಯನ್ನು ರಿಪೇರಿ ಮಾಡಿ ವಾಪಸ್ ಕಳಿಸಿ ಏನು ಮಾಡುವುದು?

‘ಈಗಿನವರು ಮೆತ್ತಗೆ, ನಾವೂ ಇದನ್ನೆಲ್ಲ ಮಾಡಿಯೇ ಬಂದವರು’ ಅನ್ನುವ ಹಿರಿಯರಿಗೂ ಒಂದು ಮಾತು. 2015ರಲ್ಲಿ ಹಿಂದಿನ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಶೇ. 28.8ರಷ್ಟು ರೆಸಿಡೆಂಟ್‌ಗಳಲ್ಲಿ ಖಿನ್ನತೆ ಅಥವಾ ಅದರ ಲಕ್ಷಣ ಕಂಡಿತ್ತು. ಅದರಲ್ಲಿ ನಿಮ್ಮ ಕಾಲದವರೂ ಇದ್ದರು. ವೈದ್ಯರು ತೆಗೆದುಕೊಳ್ಳುವ ಜಿನೀವಾ ಪ್ರತಿಜ್ಞೆಗೆ 2017ರಲ್ಲಿ ಒಂದು ಸಾಲು ಸೇರಿತು, ಒಳ್ಳೆಯ ಚಿಕಿತ್ಸೆ ಕೊಡಲು ನನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಅಂತ. ಕಿರಿಯರು ಕಾಲು ಮುರಿಯುವ ಮಾತಾಡಿದಾಗ ‘ನಮಗೂ ಹಾಗೇ ಅನ್ನಿಸ್ತಿತ್ತು’ ಅಂತ ನಗಬೇಡಿ. ಯಾವ ಕಾಲು ಅಂತ ಕೇಳಿ. ಉತ್ತರ ತಕ್ಷಣ ಬಂದರೆ ಪಕ್ಕದಲ್ಲಿ ಕೂತುಕೊಳ್ಳಿ.

ಆಕೆಗೆ ಸಿಕ್ಕಿದ್ದು ಒಂಬತ್ತು ದಿನ ಮಾತ್ರ. ಮನೋವೈದ್ಯರು ಔಷಧಿ ಶುರುಮಾಡಿದರು. ಡ್ಯೂಟಿ ಪಟ್ಟಿಯಲ್ಲಿ ಸ್ವಲ್ಪ ಬದಲಾಯಿತು, ಸ್ವಲ್ಪವೇ. ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಆ ತಿರುವಿನಲ್ಲಿ ಯೋಚನೆ ಮತ್ತೆ ಬಂದರೆ, ಹೋದ ವಾರ ಎಷ್ಟು ರಾತ್ರಿ ಡ್ಯೂಟಿ ಆಯಿತು ಅಂತ ಎಣಿಸುತ್ತಾರಂತೆ.

ಒಂದು ವಿಷಯ ಮಾತ್ರ ನನಗೆ ಇನ್ನೂ ಸಮಾಧಾನ ಇಲ್ಲ. ರಜೆ ಅರ್ಜಿಯಲ್ಲಿ ಕಾರಣ ಏನು ಬರೆಯುವುದು ಅಂತ ಅವತ್ತು ಇಬ್ಬರೂ ಅರ್ಧ ಗಂಟೆ ಮಾತಾಡಿದೆವು. ‘ವೈದ್ಯರ ಸಲಹೆಯಂತೆ ವಿಶ್ರಾಂತಿ’ ಅಂತ ಬರೆಯಿರಿ, ಅದು ಸುಳ್ಳೂ ಅಲ್ಲ ಅಂದೆ. ಯಾವ ವೈದ್ಯರು, ಯಾಕೆ ಅಂತ ಕೇಳಿದರೆ ಏನು ಹೇಳಲಿ ಅಂದರು. ಕೊನೆಗೆ ನನ್ನ ಪೆನ್ನನ್ನೇ ತಗೊಂಡು ‘ವೈರಲ್ ಜ್ವರ’ ಅಂತ ಬರೆದು ಸಹಿ ಹಾಕಿದರು. ನಾನು ತಡೆಯಲಿಲ್ಲ.