ಕಾರಂತರ ಕಾದಂಬರಿ ಓದಿದರೆ ಏನು ಸಿಗುತ್ತದೆ?

ಶಿವರಾಮ ಕಾರಂತರನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಕಥೆ ಪುಸ್ತಕ ಓದಿ ನನಗೇನು ಸಿಗುತ್ತದೆ, ಓದುವುದಾದರೆ ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ನನ್ನದೇ ಒಂದು ಕಳ್ಳತನ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಮಗೆ 'ಚೋಮನ ದುಡಿ' ಪಠ್ಯವಾಗಿತ್ತು. ಪುಸ್ತಕ ತೆಗೆದುಕೊಂಡೆ, ಓದಲಿಲ್ಲ. ಗೈಡ್ ನೋಡಿ 'ಚೋಮನ ಪಾತ್ರ ಚಿತ್ರಣ' ಅಂತ ಎರಡು ಪುಟ ಉರು ಹೊಡೆದು ಬರೆದೆ. ಮಾರ್ಕ್ಸ್ ಚೆನ್ನಾಗಿಯೇ ಬಂತು. ಚೋಮನಿಗೆ ಸ್ವಂತ ಬೇಸಾಯ ಮಾಡುವ ಆಸೆ, ಅಸ್ಪೃಶ್ಯ ಎಂಬ ಕಾರಣಕ್ಕೆ ಜಮೀನು ಸಿಗಲಿಲ್ಲ. ಇಷ್ಟು ಗೊತ್ತಾದರೆ ಸಾಕಲ್ವಾ ಅಂತ ನಾನೂ ಅಂದುಕೊಂಡಿದ್ದೆ.

ಏಳೆಂಟು ವರ್ಷ ಕಳೆದು ಮನೆ ಬದಲಿಸುವಾಗ ಅದೇ ಪ್ರತಿ ಕೈಗೆ ಸಿಕ್ಕಿತು. ಕಟ್ಟಿದ್ದ ಪೆಟ್ಟಿಗೆ ಮೇಲೆ ಕೂತು ಸುಮ್ನೆ ತೆರೆದೆ. ಗೈಡಿನ ಚೋಮ ಬರೀ ಪಾಪದವನು. ಇವನು ಹಾಗಲ್ಲ. ಕುಡಿಯುತ್ತಾನೆ, ಹಟಮಾರಿ. ಉಳಲು ಅಂಗೈಯಗಲ ನೆಲವಿಲ್ಲ, ಆದರೆ ಎರಡು ಎತ್ತು ಸಾಕಿಕೊಂಡಿದ್ದಾನೆ. ಮನೆ ಸಂಭಾಳಿಸುವವಳು ಮಗಳು ಬೆಳ್ಳಿ. ನನಗೆ ಅವನ ಮೇಲೆ ಸಿಟ್ಟೇ ಬಂತು. ದುಡಿ ಅಂದರೆ ಸಣ್ಣ ಚರ್ಮವಾದ್ಯ. ಖುಷಿಯಾದರೂ ಅದನ್ನು ಬಾರಿಸುತ್ತಾನೆ, ಸಂಕಟವಾದರೂ ದುಡಿ. ಕೊನೆ ಕೊನೆಗೆ, ಆ ಸದ್ದು ಯಾವಾಗ ನಿಲ್ಲುತ್ತದೋ ಎಂದು ಹೆದರುತ್ತಾ ಪುಟ ತಿರುಗಿಸಿದೆ.

ಅದಕ್ಕಿಂತ ಜಾಸ್ತಿ ಕಾಡಿದ್ದು ಧಣಿ ಸಂಕಪ್ಪಯ್ಯ. ಉತ್ತರ ಪತ್ರಿಕೆಯಲ್ಲಿ ಅವನನ್ನು 'ಶೋಷಕ' ಅಂತ ಒಂದೇ ಪದದಲ್ಲಿ ಮುಗಿಸಿದ್ದೆ. ಪುಸ್ತಕದಲ್ಲಿ ಅವನು ಅಂಥ ಕೆಟ್ಟವನೇನಲ್ಲ. ಚೋಮನಿಗೆ ಜಮೀನು ಕೊಡೋಣ ಅನ್ನುವ ಮನಸ್ಸು ಬರುತ್ತದೆ. ತಾಯಿ ಕೂಡದು ಅನ್ನುತ್ತಾಳೆ. ಸುಮ್ಮನಾಗುತ್ತಾನೆ. ಅಷ್ಟೇ! ಆ ಜಾಗದಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುವವರ ಕಾಫಿಗೆ ಬೇರೆ ಲೋಟ ಇತ್ತು. ಕಿಟಕಿ ಕಟ್ಟೆಯ ಮೇಲೆ, ಬೋರಲು ಹಾಕಿ ಇಟ್ಟಿರುತ್ತಿದ್ದರು. ಯಾಕೆ ಎಂದು ಕೇಳಬೇಕು ಅಂತ ಎಷ್ಟೋ ಸಲ ಬಾಯಿಯವರೆಗೆ ಬಂದಿತ್ತು. ಮನೆಯಲ್ಲಿ ರಗಳೆ ಯಾಕೆ ಅಂತ ನಾನೂ ಸುಮ್ಮನಾಗಿದ್ದೆ. ಅಸ್ಪೃಶ್ಯತೆ ತಪ್ಪು ಎಂದು ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡವನು ನಾನು! 1933ರಲ್ಲಿ, ಮೂವತ್ತರ ಆಸುಪಾಸಿನ ಒಬ್ಬರು ಬರೆದ ಕಥೆ ನಮ್ಮ ಅಡುಗೆಮನೆ ಕಿಟಕಿಯನ್ನೇ ತೋರಿಸಿಬಿಟ್ಟಿತು.

ಏನು ಸಿಗುತ್ತದೆ ಅಂದಿರಲ್ಲ, ನನಗೆ ಸಿಕ್ಕಿದ್ದು ಇದು. ಓದಿದವರೆಲ್ಲ ಒಳ್ಳೆಯವರಾಗುತ್ತಾರೆ ಅಂತ ನಾನು ಹೇಳಲಾರೆ. ತುಂಬ ಓದಿದ, ತುಂಬ ಕೆಟ್ಟ ಜನರನ್ನೂ ನೋಡಿದ್ದೇನೆ.

ಶುರು ಮಾಡಲು 'ಚೋಮನ ದುಡಿ'ಯೇ ಸರಿ, ಸಣ್ಣ ಪುಸ್ತಕ. ಆಮೇಲೆ 'ಬೆಟ್ಟದ ಜೀವ'. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ತೋಟ ಮಾಡಿಕೊಂಡು, ಮನೆ ಬಿಟ್ಟು ಹೋದ ಮಗನ ದಾರಿ ಕಾಯುವ ಗೋಪಾಲಯ್ಯ, ಶಂಕರಮ್ಮ ದಂಪತಿಯ ಕಥೆ. 'ಮರಳಿ ಮಣ್ಣಿಗೆ' ದೊಡ್ಡದು, ಮೂರು ತಲೆಮಾರಿನದು. ಅದರಲ್ಲಿ ಗಂಡಸರಿಗಿಂತ ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರ ದುಡಿಮೆಯನ್ನು ಗಮನಿಸಿ. ಜ್ಞಾನಪೀಠ ಬಂದದ್ದು 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ, 1977ನೇ ಸಾಲಿನದು. ಪ್ರಶಸ್ತಿ ಬಂದಿದೆ ಅಂತ ಅದನ್ನೇ ಮೊದಲು ಹಿಡಿಯಬೇಡಿ. ಕಥೆಗಿಂತ ಮಾತುಕತೆ ಜಾಸ್ತಿ. ನಾನು ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೆ. ಮೂರನೇ ಸಲ ಅಜ್ಜಿ ಹಿಡಿದುಕೊಂಡಳು.

ಅಂದಹಾಗೆ, 'ಚೋಮನ ದುಡಿ' 1975ರಲ್ಲಿ ಸಿನಿಮಾ ಆಯಿತು. ನಿರ್ದೇಶಕರು ಬಿ. ವಿ. ಕಾರಂತ, ಇವರು ಬೇರೆ ಕಾರಂತರು. ಅದನ್ನೂ ನೋಡಿ, ಆದರೆ ಪುಸ್ತಕ ಮುಗಿಸಿದ ಮೇಲೆ.