ಕಮ್ಮಿ ಹಾರಿರೋ ಹಳೇ ಜೆಟ್ ತಗೋಬಹುದಾ?

ಪ್ರಶ್ನೆ: ಕಂಪನಿಗೆ ಸೆಕೆಂಡ್ ಹ್ಯಾಂಡ್ ಮಿಡ್‌ಸೈಜ್ ಜೆಟ್ ಹುಡುಕ್ತಾ ಇದ್ವಿ. 2004ರ ಹಾಕರ್ 800ಎಕ್ಸ್‌ಪಿ ಒಂದು ಸಿಕ್ಕಿದೆ. ವಯಸ್ಸಿಗೆ ತುಂಬಾ ಕಮ್ಮಿ ಹಾರಿದೆ, ಹೊಸ ಲೆದರ್ ಸೀಟು, ರೇಟೂ ಬೇರೆಯವಕ್ಕಿಂತ ಕಮ್ಮಿ. ಇಂಜಿನ್ ಮಾತ್ರ ಯಾವ ಮೇಂಟೆನೆನ್ಸ್ ಪ್ರೋಗ್ರಾಮಲ್ಲೂ ಇಲ್ವಂತೆ. ಈಗಷ್ಟೇ ಇನ್‌ಸ್ಪೆಕ್ಷನ್ ಆಗಿದೆ, ಇನ್ನೊಂದು ಯಾಕೆ, ಬೇರೆ ಪಾರ್ಟಿ ಕಾಯ್ತಿದೆ ಅಂತಾರೆ ಬ್ರೋಕರ್. ಅಡ್ವಾನ್ಸ್ ಕೊಡಬಹುದಾ?

ಉತ್ತರ: ದಯವಿಟ್ಟು ಈಗಲೇ ಕೊಡಬೇಡಿ. ರೇಟು ಯಾಕೆ ಕಮ್ಮಿ ಅನ್ನೋದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಇಂಜಿನ್ ಪ್ರೋಗ್ರಾಮಲ್ಲಿಲ್ಲ. 800ಎಕ್ಸ್‌ಪಿಯಲ್ಲಿರೋದು ಹನಿವೆಲ್‌ನ ಟಿಎಫ್‌ಇ731 ಇಂಜಿನ್ ಎರಡು, ಇಂತಿಷ್ಟು ಸಾವಿರ ಗಂಟೆ ಹಾರಿದ ಮೇಲೆ ಎಂಪಿಐ ಅಂತ ಒಂದು ದೊಡ್ಡ ಚೆಕ್, ಅದರ ಡಬಲ್ ಗಂಟೆಗೆ ಸಿಝಡ್ಐ ಅಂತ ಇನ್ನೂ ದೊಡ್ಡದು, ಅದರಲ್ಲಿ ಇಂಜಿನ್‌ನ ಒಳಗಿನ ಮುಖ್ಯ ಭಾಗ, ಅಂದ್ರೆ ಕೋರ್, ಬಿಚ್ಚಿ ನೋಡ್ತಾರೆ, ಬಿಲ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಹನಿವೆಲ್‌ನ ಎಂಎಸ್‌ಪಿ ಥರದ ಮೇಂಟೆನೆನ್ಸ್ ಪ್ರೋಗ್ರಾಮಲ್ಲಿದ್ರೆ ಓನರ್ ಹಾರಿದ ಪ್ರತಿ ಗಂಟೆಗೂ ದುಡ್ಡು ಕಟ್ಕೊಂಡು ಬಂದಿರ್ತಾನೆ, ಆ ಖರ್ಚು ಅದರಲ್ಲೇ ಹೋಗುತ್ತೆ. ಇಲ್ಲಾಂದ್ರೆ ಅದು ನಿಮ್ಮ ತಲೆ ಮೇಲೆ. ಹಾಗಾಗಿ ಎರಡೂ ಇಂಜಿನ್ನಿಗೆ ಮುಂದಿನ ಚೆಕ್‌ಗೆ ಎಷ್ಟು ಗಂಟೆ ಬಾಕಿ ಅಂತ ಬರವಣಿಗೆಯಲ್ಲಿ ತರಿಸ್ಕೊಳ್ಳಿ, ಆ ಖರ್ಚನ್ನ ರೇಟಿಗೆ ಸೇರಿಸಿ ಆಮೇಲೆ ಬೇರೆ ವಿಮಾನದ ಜೊತೆ ಹೋಲಿಸಿ.

ಇನ್ನು ಕಮ್ಮಿ ಹಾರಿದೆ ಅನ್ನೋದು. ಕಾರಿನ ಲೆಕ್ಕ ಇಲ್ಲಿ ನಡೆಯಲ್ಲ, ಸುಮ್ನೆ ನಿಂತ ವಿಮಾನನೇ ಬೇಗ ಹಾಳಾಗೋದು, ಸೀಲ್ ಒಣಗುತ್ತೆ, ಟ್ಯಾಂಕ್ ಸೀಲಂಟ್ ಬಿರುಕು ಬಿಡುತ್ತೆ, ಎಷ್ಟೋ ಚೆಕ್‌ಗಳು ಹಾರಲಿ ಬಿಡಲಿ ಕ್ಯಾಲೆಂಡರ್ ಪ್ರಕಾರ ಬಂದೇ ಬರ್ತವೆ. ಹಿಂದೊಮ್ಮೆ ಇಂಥದ್ದೇ ಒಂದು ಜೆಟ್ಟಿನ ಇನ್‌ಸ್ಪೆಕ್ಷನ್‌ನಲ್ಲಿ ನಾನೂ ಪಕ್ಕದಲ್ಲಿದ್ದೆ. ಕಾರ್ಪೆಟ್ ಹೊಚ್ಚ ಹೊಸದು, ಟಾಯ್ಲೆಟ್ ಕೆಳಗಿನ ಫ್ಲೋರ್ ಪ್ಯಾನೆಲ್ ಎತ್ತಿದ್ರೆ ಅಲ್ಯೂಮಿನಿಯಂ ಮೇಲೆ ಸುಣ್ಣದ ಥರ ಬಿಳಿ ಪುಡಿ, ಮೆಕ್ಯಾನಿಕ್ ಉಗುರಲ್ಲಿ ಕೆರೆದ್ರೆ ಪದರ ಪದರವಾಗಿ ಎದ್ದು ಬಂತು. ವರ್ಷಗಟ್ಟಲೆ ನೀರು ಸೋರಿತ್ತು. ಆ ಸೀಟು, ಪಾಲಿಶ್ ನೋಡಿ ಮನಸೋತಿದ್ದವರ ಮುಖ ನನಗಿನ್ನೂ ಮರೆತಿಲ್ಲ.

ಅದಕ್ಕೇ ಪ್ರೀ-ಬೈ ಇನ್‌ಸ್ಪೆಕ್ಷನ್, ಅಂದ್ರೆ ಕೊಳ್ಳೋ ಮುಂಚೆ ನೀವೇ ಮಾಡಿಸೋ ತಪಾಸಣೆ, ಬಿಡಲೇಬೇಡಿ. ಈಗಾಗಲೇ ಆಗಿರೋದು ಮಾರೋರು ಮಾಡಿಸಿದ್ದು. ನಿಮ್ಮದು ಆ ವಿಮಾನವನ್ನ ಇಷ್ಟು ದಿನ ನೋಡ್ಕೊಂಡ ಶಾಪಲ್ಲಿ ಬೇಡ, ಇದೇ ಮಾಡೆಲ್ ಗೊತ್ತಿರೋ ಬೇರೆ ಕಡೆ ಆಗಲಿ, ಇಂಜಿನ್ನಿಗೆ ಬೋರೋಸ್ಕೋಪ್ (ಬಿಚ್ಚದೇ ಒಳಗೆ ನೋಡೋ ಸಣ್ಣ ಕ್ಯಾಮೆರಾ) ಹಾಕಿಸಿ, ಲಾಗ್‌ಬುಕ್ ಮೊದಲ ಪುಟದಿಂದ ಓದಿಸಿ. ಒಂದು ಲಾಗ್‌ಬುಕ್ ಕಳೆದಿದ್ರೂ ಬೆಲೆ ಬಿತ್ತು ಅಂತಲೇ ಲೆಕ್ಕ, ನಾಳೆ ನೀವು ಮಾರುವಾಗ ಕೊಳ್ಳೋರೂ ಅದನ್ನೇ ಕೇಳ್ತಾರೆ. ಅಡ್ವಾನ್ಸ್ ಬ್ರೋಕರ್ ಕೈಗಲ್ಲ, ಎಸ್ಕ್ರೋ ಅಕೌಂಟಿಗೆ (ವ್ಯವಹಾರ ಮುಗಿಯೋವರೆಗೂ ಮೂರನೆಯವರು ದುಡ್ಡು ಇಟ್ಕೊಳ್ಳೋ ಖಾತೆ), ಇನ್‌ಸ್ಪೆಕ್ಷನ್ ಸರಿ ಬರದಿದ್ರೆ ವಾಪಸ್ ಅನ್ನೋ ಷರತ್ತಿನ ಮೇಲೆ. ವಿಮಾನದ ಮೇಲೆ ಸಾಲ ಬಾಕಿ ಇದೆಯಾ ಅಂತ ವಿಮಾನಗಳ ರಿಜಿಸ್ಟ್ರಿಯಲ್ಲೂ ನೋಡಿಸಿ.

800ಎಕ್ಸ್‌ಪಿ ಮಾಡೆಲ್ ಮಾತ್ರ ಒಳ್ಳೇದೇ, ಅದರಲ್ಲಿ ಅನುಮಾನ ಬೇಡ. ಹಾಕರ್ ಬೀಚ್‌ಕ್ರಾಫ್ಟ್ ಕಂಪನಿ 2012ರಲ್ಲಿ ದಿವಾಳಿಗೆ ಹೋಗಿ ಹಾಕರ್ ಜೆಟ್ ತಯಾರಿಕೆ ನಿಂತ್ರೂ ಈಗ ಟೆಕ್ಸ್‌ಟ್ರಾನ್ ಕಂಪನಿ ಸಪೋರ್ಟ್ ಕೊಡ್ತಿದೆ.

ಪ್ರಶ್ನೆ: ಲಿಯರ್‌ಜೆಟ್ 60, ಸೈಟೇಶನ್ ಎಕ್ಸ್‌ಎಲ್‌ಎಸ್, ಎರಡರಲ್ಲಿ ಯಾವುದು? ನಾವು ಹೋಗೋದು ಚಿಕ್ಕ ರನ್‌ವೇ ಇರೋ ಊರುಗಳಿಗೆ.

ಉತ್ತರ: ಹಾಗಿದ್ರೆ ಎಕ್ಸ್‌ಎಲ್‌ಎಸ್. ಫುಲ್ ತೂಕದಲ್ಲಿ ಟೇಕಾಫ್‌ಗೆ ಅದಕ್ಕೆ ಸುಮಾರು 3,560 ಅಡಿ ಸಾಕು, ಲಿಯರ್ 60ಗೆ 5,400 ಅಡಿ ದಾಟುತ್ತೆ, ಬಿಸಿಲಿರೋ ದಿನ, ಎತ್ತರದ ಊರಲ್ಲಿ ಎರಡಕ್ಕೂ ಇನ್ನೂ ಜಾಸ್ತಿ ಬೇಕು. ಲಿಯರ್ 51,000 ಅಡಿವರೆಗೆ ಏರುತ್ತೆ, ಹಾರೋಕೆ ಖುಷಿ ನಿಜ, ಆದ್ರೆ ನೀವು ಹೋಗೋ ಊರಲ್ಲಿ ಇಳಿದು ಮತ್ತೆ ಏಳೋಕೆ ಆಗದಿದ್ರೆ ಆ ಎತ್ತರ ಕಟ್ಕೊಂಡು ಏನು ಮಾಡ್ತೀರಿ.