‘ಎಷ್ಟು ನೋವಾದ್ರೆ ನಿಲ್ಲಿಸಬಹುದು?’

(ಗುರುತು ಸಿಗದಂತೆ ವಯಸ್ಸು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿಗೆ 11 ವರ್ಷ. ಪಿಟೀಲು ಹಿಡಿದದ್ದು ನಾಲ್ಕಕ್ಕೆ, ದೊಡ್ಡ ವೇದಿಕೆ ಹತ್ತಿದ್ದು ಎಂಟಕ್ಕೆ. ಕೆಲವು ತಿಂಗಳಿಂದ ಎಡ ಮಣಿಕಟ್ಟಿನಲ್ಲಿ ನೋವು. ಮೂಳೆ ವೈದ್ಯರಿಗೂ ತೋರಿಸಿದ್ದರು, ನರದ ವೈದ್ಯರಿಗೂ ತೋರಿಸಿದ್ದರು. ಊತ, ಗಾಯ ಏನೂ ಕಂಡಿರಲಿಲ್ಲ. ಹಾಗಾಗಿ ಮಕ್ಕಳ ಮನಸ್ಸಿನ ಸಮಸ್ಯೆ ನೋಡುವ ನನ್ನ ಹತ್ತಿರ ಕಳಿಸಿದ್ದರು. ಬಂದು ಕೂತ ಕೂಡಲೇ ಅಪ್ಪ ಕೇಳಿದ್ದು, "ಮುಂದಿನ ಕಾರ್ಯಕ್ರಮದ ಹೊತ್ತಿಗೆ ಸರಿಹೋಗುತ್ತಾ ಮೇಡಂ?"

ಮಗುವಿಗೆ ಹಾಕಿದ ಪ್ರಶ್ನೆಗೆಲ್ಲ ಅಪ್ಪನೇ ಉತ್ತರ ಕೊಡುತ್ತಿದ್ದರು, ಅದೂ ‘ನಾವು’ ಎಂದು. "ನಾವು ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಅಭ್ಯಾಸ ಮಾಡ್ತೀವಿ." ಕೈಯಲ್ಲೊಂದು ನೋಟ್‌ಬುಕ್. ದಿನಕ್ಕೊಂದು ಪುಟ. ಯಾವ ಸ್ವರ ಜಾರಿತು, ಕಮಾನು ಎಲ್ಲಿ ತಡವರಿಸಿತು ಎಂಬುದೆಲ್ಲ ಕೆಂಪು ಶಾಯಿಯಲ್ಲಿ ಬರೆದಿತ್ತು. ಚೆನ್ನಾಗಿ ಬಂದದ್ದನ್ನು ಬರೆದ ಒಂದು ಸಾಲೂ ನನಗೆ ಸಿಗಲಿಲ್ಲ. "ಇವಳಿಗೋಸ್ಕರ ಕೆಲಸಾನೇ ಬಿಟ್ಟೆ" ಅಂದರು, ಮಗಳ ಎದುರಿಗೇ. ಮನೆಗೆ ಸಂಬಳ ತರುತ್ತಿದ್ದ ಅಮ್ಮ ಅಷ್ಟು ಹೊತ್ತೂ ಮಾತಾಡಲಿಲ್ಲ.

ಅವಳೊಬ್ಬಳನ್ನೇ ಕೂರಿಸಿಕೊಂಡಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆಂಟಿ, ಎಷ್ಟು ನೋವಾದ್ರೆ ನಿಲ್ಲಿಸಬಹುದು?"

ಆ ಮನೆಯಲ್ಲಿ ಪಿಟೀಲು ಕೆಳಗಿಡಲು ಒಪ್ಪುವಂಥ ಕಾರಣ ನೋವೊಂದೇ ಆಗಿತ್ತು. ಸುಸ್ತು ಅಂದರೆ ಸೋಮಾರಿತನ, ಬೇಜಾರು ಅಂದರೆ ಅಪ್ಪನ ತ್ಯಾಗಕ್ಕೆ ಅವಮಾನ. ಇಂಥ ನೋವನ್ನು ನಾಟಕ ಎನ್ನುವವರಿದ್ದಾರೆ. ಅದು ದೊಡ್ಡ ಅನ್ಯಾಯ. ತಪಾಸಣೆಯಲ್ಲಿ ಏನೂ ಕಾಣದಿದ್ದರೂ ಅನುಭವಿಸುವವರಿಗೆ ನೋವು ನಿಜವೇ. ಮೇಲಾಗಿ, ಗಂಟೆಗಟ್ಟಲೆ ಕತ್ತು ಓರೆ ಮಾಡಿ ಎಡಗೈ ತಿರುಚಿ ಹಿಡಿಯುವುದು ಬೆಳೆಯುವ ಮೈಗೆ ಸಣ್ಣ ಶ್ರಮವಲ್ಲ.

ಹಾಗಾದರೆ ಪಿಟೀಲು ಇಷ್ಟವಿಲ್ಲವಾ ಎಂದು ಕೇಳಿದೆ. ಗಾಬರಿಯಾದಳು. "ದಪ್ಪ ತಂತಿ ಮೇಲೆ ನಿಧಾನಕ್ಕೆ ಕಮಾನು ಎಳೆದ್ರೆ ಇಲ್ಲಿ ಗುಂಯ್ ಅನ್ನುತ್ತೆ" ಎಂದು ದವಡೆಯ ಮೂಳೆ ಮುಟ್ಟಿ ತೋರಿಸಿದಳು. "ಅದು ನಂಗೆ ಮಾತ್ರ ಕೇಳ್ಸೋದು." ಅಲ್ಲೇ ದವಡೆಯ ಕೆಳಗೆ ಪಿಟೀಲು ಒತ್ತಿ ಒತ್ತಿ ಚರ್ಮ ಕಪ್ಪಾಗಿತ್ತು. ಪಿಟೀಲು ಬಿಡಿಸಿಬಿಡಿ ಎಂಬ ಸಲಹೆ ಇವಳಿಗೆ ಸಲ್ಲದು ಎಂದು ನನಗೆ ಗೊತ್ತಾದದ್ದು ಆಗ.

ಇನ್ನೊಂದು ಮಾತು ತಡವಾಗಿ ಬಂತು: "ಅಣ್ಣನ ಪಿಟೀಲು ನಾನೇ ಕಿತ್ಕೊಂಡೆ." ಮೊದಲು ಪಾಠಕ್ಕೆ ಹೋಗುತ್ತಿದ್ದವನು ಅಣ್ಣ, ಇವಳು ಪಕ್ಕದಲ್ಲಿ ಕೂತು ಕೇಳಿಯೇ ಕಲಿತಳು. ಮಕ್ಕಳು ಬೆಳೆದಂತೆ ಪಿಟೀಲೂ ದೊಡ್ಡದಾಗುತ್ತ ಹೋಗಬೇಕು: ಕಾಲು, ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ ಅಳತೆ. ಅಣ್ಣನಿಗೆ ಅರ್ಧ ಅಳತೆಯದು ಚಿಕ್ಕದಾದಾಗ ಅದು ತಂಗಿಗೆ ಬಂತು, ಅವನಿಗೆ ಮುಕ್ಕಾಲು ಅಳತೆಯದನ್ನು ಯಾರೂ ಕೊಳ್ಳಲಿಲ್ಲ. ಈಗ ಅವನಿಗೆ 14. ತಂಗಿಯ ಅಭ್ಯಾಸದ ಹೊತ್ತಿನಲ್ಲಿ ಮನೆಯಲ್ಲಿ ಸದ್ದು ಮಾಡುವಂತಿಲ್ಲ.

ಅಪ್ಪನ ವಾದಕ್ಕೆ ಹೆಸರಾಂತ ಪಿಟೀಲುವಾದಕ ಯೆಹೂದಿ ಮೆನುಹಿನ್ ಆಧಾರ. 1929ರಲ್ಲಿ, ಇನ್ನೂ 12ರ ಹುಡುಗ, ಬರ್ಲಿನ್‌ನಲ್ಲಿ ಒಂದೇ ಸಂಜೆ ಬಾಖ್, ಬೀಥೋವನ್, ಬ್ರಾಮ್ಸ್‌ರ ಕನ್ಚೆರ್ಟೊಗಳನ್ನು (ವಾದ್ಯವೃಂದದ ಜತೆ ನುಡಿಸುವ ದೊಡ್ಡ ಕೃತಿಗಳನ್ನು) ನುಡಿಸಲಿಲ್ಲವೇ ಎಂದರು. ನುಡಿಸಿದ್ದು ನಿಜ. ಆದರೆ ದೊಡ್ಡವನಾದ ಮೇಲೆ ಅದೇ ಮೆನುಹಿನ್‌ಗೆ ಕೈ ಮೊದಲಿನಂತೆ ಒಗ್ಗದೆ, ನುಡಿಸುವ ಕ್ರಮವನ್ನು ಬುಡದಿಂದ ಹುಡುಕಿಕೊಳ್ಳಬೇಕಾಯಿತು. 1982ರಲ್ಲಿ 11ನೇ ವಯಸ್ಸಿಗೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜತೆ ನುಡಿಸಿದ ಪಿಟೀಲುವಾದಕಿ ಮಿಡೋರಿ ಇಪ್ಪತ್ತರ ಹರೆಯದಲ್ಲಿ ಆಹಾರ ಸೇವನೆಗೆ ಸಂಬಂಧಿಸಿದ ಕಾಯಿಲೆಯಿಂದ ಬಳಲಿ ಚಿಕಿತ್ಸೆ ಪಡೆದರು. ಸಂಗೀತ ಕಛೇರಿ ಬಿಡದೆಯೇ ವಿಶ್ವವಿದ್ಯಾಲಯ ಸೇರಿ ಮನಶ್ಶಾಸ್ತ್ರ ಓದಿದರು. ಈ ಕಥೆಗಳ ಎರಡನೇ ಭಾಗವೂ ಅಪ್ಪನಿಗೆ ಗೊತ್ತಿರಲಿ ಎಂದೇ ಹೇಳಿದೆ.

ಲೆಕ್ಕವನ್ನೂ ಮುಂದಿಟ್ಟೆ. ಮನಶ್ಶಾಸ್ತ್ರಜ್ಞ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರ್ಲಿನ್‌ನ ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು ಒಬ್ಬರೇ ಕೂತು ಮಾಡುತ್ತಿದ್ದ ಅಭ್ಯಾಸ ದಿನಕ್ಕೆ ಸುಮಾರು ಮೂರೂವರೆ ಗಂಟೆ. ನಡುನಡುವೆ ಬಿಡುವು, ಮಧ್ಯಾಹ್ನ ಸಣ್ಣ ನಿದ್ದೆ. ಅವರ ಸರಾಸರಿ ವಯಸ್ಸು ಇಪ್ಪತ್ತು ದಾಟಿತ್ತು. ಈ ಮಗು ಶಾಲೆಯ ಜತೆಗೆ ಐದು ಗಂಟೆ ನುಡಿಸುತ್ತಿತ್ತು.

ಮುಂದಿನ ಕಾರ್ಯಕ್ರಮ ರದ್ದು ಮಾಡಿ ಎಂದೆ. ಕೈಗೆ ಫಿಸಿಯೋಥೆರಪಿ ನಡೆಯಲಿ, ಅಭ್ಯಾಸ ಎರಡು ಗಂಟೆ ಮೀರದಿರಲಿ, ಅದೂ ಅರ್ಧರ್ಧ ಗಂಟೆಯ ತುಂಡುಗಳಲ್ಲಿ. ‘ಇವತ್ತು ಬೇಡ’ ಎಂದು ಅವಳು ವಾರಕ್ಕೊಂದು ಸಲ ಹೇಳಬಹುದು, ಕಾರಣ ಕೇಳುವ ಹಾಗಿಲ್ಲ. ನೋಟ್‌ಬುಕ್ ಮುಚ್ಚಬೇಕು, ತಪ್ಪು ತಿದ್ದುವುದು ಗುರುಗಳ ಕೆಲಸ. ಕಾರ್ಯಕ್ರಮ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ನುಡಿಸಿದ್ದರ ಬಗ್ಗೆ ಅವಳಾಗಿ ಎತ್ತದ ಹೊರತು ಮಾತೇ ಬೇಡ. ‘ನಿನಗೋಸ್ಕರ ಕೆಲಸ ಬಿಟ್ಟೆ’ ಎಂಬ ಮಾತು ಇನ್ನೆಂದೂ ಅವಳ ಕಿವಿಗೆ ಬೀಳಬಾರದು. ಅಪ್ಪ ಮತ್ತೆ ಕೆಲಸ ಹುಡುಕಲಿ ಎಂದಾಗ ಅವರಿಗೆ ಸಿಟ್ಟು ಬಂತು. "ಹಾಗಾದ್ರೆ ಇವಳ ಜೀವನದಲ್ಲಿ ನಾನ್ಯಾರು?" ಎಂದರು. ಮಗಳಿಗೆ ಬೇಕಿರುವುದು ಅಪ್ಪ, ಮ್ಯಾನೇಜರು ಬೇರೆ ಯಾರೂ ಆಗಬಹುದು ಎಂದೆ. ಅಂದು ಮಾತು ಮುಂದುವರಿಯಲಿಲ್ಲ. ಮುಂದಿನ ಭೇಟಿಗೆ ಬಂದಾಗ ನೋಟ್‌ಬುಕ್ ತಂದಿರಲಿಲ್ಲ.

ಈಗ ಅವರು ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದಾರೆ. ಮಗಳ ನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ; ಪರೀಕ್ಷೆ, ಸ್ಪರ್ಧೆಗಳ ಹೊತ್ತಿಗೆ ಮರಳುತ್ತದೆ. ಆಗ "ಭಯ ಆಗ್ತಿದೆ" ಎಂದು ಅಮ್ಮನಿಗೆ ಬಾಯಿಬಿಟ್ಟು ಹೇಳುತ್ತಾಳೆ. ಅಣ್ಣನ ವಿಷಯದಲ್ಲಿ ಮಾಡಬೇಕಾದ್ದು ಇನ್ನೂ ಬಾಕಿ ಇದೆ. ಅವನಿಗೆ ಪಿಟೀಲು ಮತ್ತೆ ಬೇಕೋ ಬೇಡವೋ ಎಂದು ಅಪ್ಪ ಅಮ್ಮ ನೇರವಾಗಿ ಕೇಳಬೇಕು, ಅವನ ಉತ್ತರಕ್ಕೆ ಕಾಯಬೇಕು ಎಂದಿದ್ದೇನೆ. ಅವನೊಬ್ಬನಿಗೇ ಬೇರೆ ಸಮಯವನ್ನೂ ಕೊಟ್ಟಿದ್ದೇನೆ.